ಅರೆಕಾಲು ಸುತ್ತು

ನೈಟ್ರೋ ಎಂಜಿನ್ನಿಗೆ ಎಣ್ಣೆ ಹಾಕುವ ಬೇರೆ ಜಾಗವೇ ಇಲ್ಲ. ಬೈಕಿನಲ್ಲಾದರೆ ಪೆಟ್ರೋಲ್ ಒಂದು ಕಡೆ, ಎಂಜಿನ್ ಆಯಿಲ್ ಇನ್ನೊಂದು ಕಡೆ. ರಿಮೋಟ್ ಕಾರಿನ ಈ ಪುಟ್ಟ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹಾಗಲ್ಲ. ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆ (ಹರಳೆಣ್ಣೆ, ಇಲ್ಲವೇ ಸಿಂಥೆಟಿಕ್, ಇಲ್ಲವೇ ಎರಡೂ) ಒಂದೇ ಡಬ್ಬಿಯಲ್ಲಿ ಬೆರೆತು ಬರುತ್ತವೆ. ಉರಿಯುವುದೂ ಅದೇ, ಎಂಜಿನ್ನನ್ನು ತಂಪಾಗಿಡುವುದೂ ಅದೇ, ಸವೆಯದಂತೆ ಕಾಯುವುದೂ ಅದೇ. ಇಂಧನ ಕಡಿಮೆ ಮಾಡಿ ವೇಗ ಹೆಚ್ಚಿಸಲು ಹೊರಟವನು ಅದರ ಜೊತೆಗೇ ಎಣ್ಣೆಯನ್ನೂ ಕಡಿತ ಮಾಡಿರುತ್ತಾನೆ. ಕಾರ್ಬ್ಯುರೇಟರ್ ಟ್ಯೂನ್ ಮಾಡುವುದರ ಕಷ್ಟವೆಲ್ಲ ಇಷ್ಟರಲ್ಲೇ ಇದೆ. ನನಗೆ ಕಂಡಂತೆ ಇದು ಬರೀ ಮೆಕ್ಯಾನಿಕ್ಕಿನ ಕಷ್ಟವಲ್ಲ. ನಮ್ಮ ಕೈಗೆ ಸಿಕ್ಕ ಶಕ್ತಿಯನ್ನು, ಅದು ನಮ್ಮದೇ ಇರಲಿ ಬೇರೆಯವರದೇ ಇರಲಿ, ಕೊನೆಯ ಹನಿಯವರೆಗೂ ಬಳಸಿಕೊಳ್ಳಬೇಕೇ? ಬಳಸದೆ ಬಿಟ್ಟದ್ದು ಸೋಮಾರಿತನವೋ, ಕರ್ತವ್ಯವೋ? ಮೂರು ವರ್ಷದಿಂದ ಪೆರಂಬೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು, ಭಾನುವಾರ ಬೆಳಿಗ್ಗೆ ರೈಲ್ವೆ ವಸತಿಗಳ ಪಕ್ಕದ ಮೈದಾನದಲ್ಲಿ ಈ ಕಾರು ಓಡಿಸುತ್ತಾ ನಾನು ಹೆಚ್ಚಾಗಿ ಯೋಚಿಸಿದ್ದು ಇದನ್ನೇ.

ಎಂಜಿನ್ ಎಂದರೆ ಎಷ್ಟು ದೊಡ್ಡದು ಎಂದು ಕೇಳಬೇಡಿ. ಮೂರೂವರೆ ಸಿಸಿ, ಅಂಗೈಯಲ್ಲಿ ಮುಚ್ಚಿಡಬಹುದು. ಆದರೆ ನಿಮಿಷಕ್ಕೆ 30,000 ಸುತ್ತು ದಾಟುತ್ತದೆ. ಸ್ಪಾರ್ಕ್ ಪ್ಲಗ್ ಇಲ್ಲ. ಅದರ ಬದಲು ಪ್ಲಾಟಿನಂ ಬೆರೆತ ತಂತಿಯ ಸುರುಳಿ ಇರುವ ಗ್ಲೋ ಪ್ಲಗ್. ಸ್ಟಾರ್ಟ್ ಮಾಡುವಾಗ ಮಾತ್ರ ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಿ, ಆಮೇಲೆ ಬ್ಯಾಟರಿ ತೆಗೆದುಬಿಡಬೇಕು. ಮೆಥನಾಲ್ ಆವಿ ಪ್ಲಾಟಿನಂಗೆ ತಾಗಿ ಸುರುಳಿ ತನ್ನಷ್ಟಕ್ಕೆ ಕಾದೇ ಇರುತ್ತದೆ. ಅಂದರೆ ಯಾವ ಗಳಿಗೆಯಲ್ಲಿ ಉರಿಯಬೇಕೆಂದು ಹೇಳುವ ವಿದ್ಯುತ್ ವ್ಯವಸ್ಥೆ ಇಲ್ಲಿಲ್ಲ. ಶಾಖ, ಒತ್ತಡ, ಮಿಶ್ರಣ ಇವೇ ಅದನ್ನು ತೀರ್ಮಾನಿಸುತ್ತವೆ. ಹಾಗಾಗಿ ಒಂದು ಕೆಟ್ಟರೆ ಉಳಿದೆರಡೂ ಕೆಡುತ್ತವೆ.

ಇವತ್ತು ಈ ಹವ್ಯಾಸದವರಲ್ಲಿ ಬಹುಪಾಲು ಜನ ಎಲೆಕ್ಟ್ರಿಕ್ ಕಾರಿಗೆ ಹೋಗಿದ್ದಾರೆ. ಬ್ಯಾಟರಿ ಸಿಕ್ಕಿಸು, ಓಡಿಸು, ಮುಗಿಯಿತು. ಅವರೇನೂ ತಪ್ಪು ಮಾಡಿಲ್ಲ. ನೈಟ್ರೋ ಇಂಧನ ದುಬಾರಿ, ಸಿಗುವುದೂ ಕಷ್ಟ. ಅದರಲ್ಲಿರುವ ಮೆಥನಾಲ್ ವಿಷ. ಇದೇ ಮೆಥನಾಲ್ ಬೆರೆತ ಸಾರಾಯಿ ಕುಡಿದು 2024ರ ಜೂನ್‌ನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಆ ವಾರ ಡಬ್ಬಿಯ ಮುಚ್ಚಳ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಇಷ್ಟಾದರೂ ನಾನು ನೈಟ್ರೋ ಬಿಟ್ಟಿಲ್ಲ, ಯಾಕೆಂದರೆ ಅದು ಕಿವಿ ಕೇಳುತ್ತದೆ. ವಾರವಿಡೀ ಸ್ಕ್ರೀನ್ ನೋಡುವವನಿಗೆ ಕಿವಿಯಿಂದ ಮಾಡುವ ಕೆಲಸ ಬೇಕಿತ್ತು.

ಕಾರ್ಬ್ಯುರೇಟರಿನಲ್ಲಿ ಮುಖ್ಯವಾಗಿ ಎರಡು ಸೂಜಿಗಳು. ಪೂರ್ತಿ ಥ್ರಾಟಲ್ ಕೊಟ್ಟಾಗ ಎಷ್ಟು ಇಂಧನ ಹೋಗಬೇಕೆನ್ನುವುದು ಹೈ-ಸ್ಪೀಡ್ ಸೂಜಿಯ ಕೆಲಸ. ನಿಂತಲ್ಲಿಂದ ಹೊರಡುವಾಗ ಎಷ್ಟೆನ್ನುವುದು ಲೋ-ಸ್ಪೀಡ್ ಸೂಜಿಯದು. ಜೊತೆಗೆ ಐಡಲ್ ಸ್ಕ್ರೂ. ಸ್ಕ್ರೂಡ್ರೈವರನ್ನು ಬಲಕ್ಕೆ ತಿರುಗಿಸಿದರೆ ಸೂಜಿ ಒಳಗೆ ಹೋಗಿ ಇಂಧನ ಕಡಿಮೆಯಾಗುತ್ತದೆ. ಅದಕ್ಕೆ ಲೀನ್ ಎನ್ನುತ್ತಾರೆ. ಎಡಕ್ಕೆ ತಿರುಗಿಸಿದರೆ ರಿಚ್. ಮೊದಲು ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. ತಣ್ಣಗಿದ್ದಾಗ ಟ್ಯೂನ್ ಮಾಡಿದ್ದು ಬಿಸಿಯಾದ ಮೇಲೆ ಸುಳ್ಳಾಗುತ್ತದೆ. ಆಮೇಲೆ ಹೈ-ಸ್ಪೀಡ್, ಅದಾದ ಮೇಲೆ ಲೋ-ಸ್ಪೀಡ್, ಕೊನೆಗೆ ಐಡಲ್. ಒಂದು ಸಲಕ್ಕೆ ಒಂದೇ ಸೂಜಿ, ಅದೂ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ತಿರುಗಿಸಿದ ಮೇಲೆ ಎರಡು ಮೂರು ಸುತ್ತು ಓಡಿಸಿ ನೋಡಬೇಕು. ತಿರುಗಿಸಿದ್ದರ ಫಲ ಅದೇ ಕ್ಷಣ ಕಾಣುವುದಿಲ್ಲ.

ಏನನ್ನು ನೋಡಬೇಕು? ಹೊಗೆಯನ್ನು. ವೇಗ ಹಿಡಿದು ಹೋಗುವ ಕಾರಿನ ಹಿಂದೆ ನೀಲಿ ಬಿಳುಪಿನ ತೆಳುವಾದ ಎಳೆ ಕಾಣುತ್ತಲೇ ಇರಬೇಕು. ಅದು ಉರಿಯದೆ ಹೊರಬರುವ ಎಣ್ಣೆ. ಎಂಜಿನ್ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟರೆ ಚುರುಗುಟ್ಟಿ ನಾಲ್ಕೈದು ಸೆಕೆಂಡಿನಲ್ಲಿ ಆರಬೇಕು. ಬಿದ್ದ ತಕ್ಷಣ ಪುಟಿದು ಹಾರಿದರೆ ಎಂಜಿನ್ ಸಂಕಟದಲ್ಲಿದೆ ಎಂದು ಅರ್ಥ. ಥರ್ಮಾಮೀಟರ್ ಗನ್ ಕೂಡ ಇದೆ. ಸಾಮಾನ್ಯವಾಗಿ 100ರಿಂದ 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇರುತ್ತದೆ. ಆದರೆ ಇಂಥದೇ ಅಂಕಿ ತೋರಿಸಬೇಕೆಂದು ಸೂಜಿ ತಿರುಗಿಸುತ್ತಾ ಕೂರಬಾರದು. ಗಾಳಿ ಬೀಸಿದರೆ ಅಂಕಿ ಬೇರೆ, ಮೇಲಿನ ಮುಚ್ಚಳ ತೆಗೆದರೆ ಬೇರೆ. ಅದು ಸಾಕ್ಷಿ ಹೇಳಬಹುದು, ತೀರ್ಪು ಕೊಡಲಾರದು.

ಇನ್ನು ಸದ್ದು. ಮೋಸ ಇರುವುದೇ ಅಲ್ಲಿ. ರಿಚ್ ಇದ್ದಾಗ ಎಂಜಿನ್ ಗೊರಗೊರ ಎನ್ನುತ್ತದೆ, ಗಂಟಲಲ್ಲಿ ಕಫ ಕಟ್ಟಿದವರ ಹಾಗೆ. ಸೂಜಿಯನ್ನು ಬಲಕ್ಕೆ ತಿರುಗಿಸುತ್ತಾ ಹೋದಂತೆ ದನಿ ತಿಳಿಯಾಗುತ್ತದೆ, ಏರುತ್ತದೆ, ಕೊನೆಗೆ ಒಂದೇ ಎಳೆಯ ಕೀರಲು ಸ್ವರವಾಗುತ್ತದೆ. ಕಾರು ಬಾಣದ ಹಾಗೆ ಹೋಗುತ್ತದೆ. ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಇನ್ನೊಂಚೂರು ತಿರುಗಿಸಿದರೆ ಇನ್ನೂ ಚೆನ್ನಾಗಿರುತ್ತದೆ ಎನಿಸುತ್ತದೆ, ನಿಜವಾಗಿಯೂ ಇರುತ್ತದೆ. ಆಮೇಲೆ ಗ್ಲೋ ಪ್ಲಗ್ಗಿನ ಸುರುಳಿ ಸುಟ್ಟು ಬಿಳಿಚಿಕೊಳ್ಳುತ್ತದೆ, ಪಿಸ್ಟನ್ ಮತ್ತು ಸ್ಲೀವ್ ನಡುವಿನ ಬಿಗಿ ಹೋಗುತ್ತದೆ, ಕೆಲವು ಸಲ ಕನೆಕ್ಟಿಂಗ್ ರಾಡೇ ಮುರಿಯುತ್ತದೆ. ಸಾಯುವ ಮುಂಚಿನ ಎರಡು ನಿಮಿಷ ಅದು ತನ್ನ ಬದುಕಿನಲ್ಲೇ ಅತ್ಯಂತ ಚೆನ್ನಾಗಿ ಓಡಿರುತ್ತದೆ. ನೋವಾದರೆ ಕೂಗುವ ಯಂತ್ರಗಳಿವೆ. ಇದು ನೋವಾದಾಗ ಹಾಡುವ ಯಂತ್ರ.

ಪಕ್ಕದ ಮನೆಯಲ್ಲಿ ಪೆರಂಬೂರ್ ಲೋಕೋ ವರ್ಕ್ಸ್‌ನಿಂದ ಫಿಟ್ಟರಾಗಿ ನಿವೃತ್ತರಾದ ಹಿರಿಯರಿದ್ದಾರೆ. ರೈಲಿನ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದ ಕೈ. ನನ್ನ ಆಟಿಕೆಯನ್ನು ನೋಡಿ ಮೊದಲು ನಕ್ಕರು, ಆಮೇಲೆ ಕುತೂಹಲ ತಡೆಯಲಾರದೆ ಮೈದಾನಕ್ಕೇ ಬಂದರು. ನೈಟ್ರೋ ಅವರಿಗೆ ಹೊಸದು. ಆದರೂ ಎರಡು ಭಾನುವಾರ ಸುಮ್ಮನೆ ಕೇಳಿ, ಮೂರನೆಯ ಸಲ ಅವರು ಹೇಳಿದ್ದು ಇಷ್ಟು: “ತಂಬಿ, ಒಳ್ಳೆಯ ಸದ್ದು ಬರುವ ಜಾಗ ಹುಡುಕು. ಸಿಕ್ಕಿತಾ? ಅಲ್ಲಿಂದ ಅರೈಕ್ಕಾಲ್ ಹಿಂದಕ್ಕೆ ಬಾ. ಅಲ್ಲೇ ಬಿಡು.”

ಅರೈಕ್ಕಾಲ್. ನಮ್ಮ ಅರೆಕಾಲು. ಕಾಲಿನ ಅರ್ಧ, ಎಂಟನೇ ಒಂದು. ನಮ್ಮಜ್ಜ ಅಡಿಕೆ ತೂಕದ ಲೆಕ್ಕದಲ್ಲಿ ಅರೆಕಾಲು, ವೀಸ ಎಂದೆಲ್ಲ ಹೇಳುತ್ತಿದ್ದುದನ್ನು ಕೇಳಿದ್ದೆ. ಎಲ್ಲ ಮರೆತೇಹೋಗಿತ್ತು. ಪೆರಂಬೂರಿನ ಮೈದಾನದಲ್ಲಿ ತಮಿಳಿನಲ್ಲಿ ಅದು ಮತ್ತೆ ಸಿಕ್ಕಿತು. ಜಗತ್ತಿನ ನೈಟ್ರೋ ಕಾರಿನವರೆಲ್ಲ ಹೇಳುವುದೂ ಇದನ್ನೇ. ತುದಿಯನ್ನು ಕಂಡುಕೋ, ಎಂಟನೇ ಒಂದು ಸುತ್ತು ಹಿಂದೆ ಸರಿ. ಇದರಲ್ಲಿ ನನಗೆ ಹಿಡಿಸಿದ್ದು ಮೊದಲ ಅರ್ಧ. ಹಿರಿಯರು ನನಗೆ ‘ನಿಧಾನವಾಗಿ ಓಡಿಸು’ ಎನ್ನಲಿಲ್ಲ. ತುದಿ ಎಲ್ಲಿದೆ ಎಂದು ಗೊತ್ತಿಲ್ಲದವನು ಬಿಟ್ಟುಕೊಡುವುದು ಅರೆಕಾಲು ಅಲ್ಲ, ಬರೀ ಅಂದಾಜು.

ಆ ಅರೆಕಾಲು ಯಾಕೆ ಬೇಕು ಎನ್ನುವುದಕ್ಕೆ ಎರಡು ಕಾರಣ ಹೇಳುತ್ತೇನೆ. ಮೊದಲನೆಯದು ಟ್ಯಾಂಕಿನದು. ಟ್ಯಾಂಕ್ ತುಂಬಿದ್ದಾಗ ಇಂಧನ ಸಲೀಸಾಗಿ ಹರಿಯುತ್ತದೆ. ಖಾಲಿಯಾಗುತ್ತಾ ಬಂದಂತೆ ಹರಿವು ಕ್ಷೀಣಿಸಿ, ಸೂಜಿ ಮುಟ್ಟದಿದ್ದರೂ ಮಿಶ್ರಣ ತಾನಾಗಿ ಲೀನ್ ಆಗುತ್ತದೆ. ತುಂಬಿದ ಟ್ಯಾಂಕಿನಲ್ಲಿ ತುದಿಗೆ ಟ್ಯೂನ್ ಮಾಡಿದವನ ಎಂಜಿನ್ ಕೊನೆಯ ಕಾಲು ಟ್ಯಾಂಕಿನಲ್ಲಿ ತುದಿ ದಾಟಿರುತ್ತದೆ. ಬಿಟ್ಟುಕೊಟ್ಟ ಅರೆಕಾಲು ಈಗಿನ ಹೊತ್ತಿಗಲ್ಲ, ಟ್ಯಾಂಕ್ ಬರಿದಾಗುವ ಹೊತ್ತಿಗೆ.

ಎರಡನೆಯದು ಗಾಳಿಯದು, ಊರು ಬಿಟ್ಟು ಬಂದ ನಮಗೆ ಇದು ಬೇಗ ಅರ್ಥವಾದೀತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಅಲ್ಲಿನ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ಹತ್ತನೇ ಒಂದರಷ್ಟು ಕಡಿಮೆ. ಅಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಎಂಜಿನ್ನನ್ನು ಚೆನ್ನೈಗೆ ತಂದು ಸೂಜಿ ಮುಟ್ಟದೆ ಓಡಿಸಿದರೆ ಏನಾಗುತ್ತದೆ? ಚೆನ್ನೈ ಸೆಕೆ, ಬಿಸಿ ಗಾಳಿ ತೆಳು, ಹಾಗಾಗಿ ಇಂಧನ ಇನ್ನೂ ಕಡಿಮೆ ಮಾಡಬೇಕು ಎಂದು ಬಹಳ ಜನ ಹೇಳುತ್ತಾರೆ. ಸೆಕೆಯ ಮಾತು ನಿಜ, ತೇವದ ಮಾತೂ ನಿಜ. ಆದರೆ ಎರಡನ್ನೂ ಕಳೆದರೂ ಸಮುದ್ರಮಟ್ಟದ ಗಾಳಿಯಲ್ಲಿ ಆಮ್ಲಜನಕ ಬೆಂಗಳೂರಿಗಿಂತ ಹೆಚ್ಚೇ ಉಳಿಯುತ್ತದೆ. ಹೆಚ್ಚಿನ ಗಾಳಿಗೆ ಹೆಚ್ಚಿನ ಇಂಧನ ಬೇಕು. ಅಲ್ಲಿ ಸರಿ ಇದ್ದ ಸೂಜಿ ಇಲ್ಲಿ ಲೀನ್. ಸೂಜಿ ಒಂದು ಕೂದಲೂ ಅಲುಗಿಲ್ಲ, ಊರು ಬದಲಾಯಿತು ಅಷ್ಟೆ. ಮನೆಯಲ್ಲಿ ಅಮ್ಮ, ಪಕ್ಕದ ಬೀದಿಯಲ್ಲಿ ಚಿಕ್ಕಪ್ಪ ಇದ್ದಾಗ ನಿಭಾಯಿಸುತ್ತಿದ್ದ ಕೆಲಸದ ಹೊರೆಯನ್ನು ಒಬ್ಬರೇ ಇರುವ ಒಂದು ಕೋಣೆಯ ಮನೆಗೂ ಹಾಗೇ ಹೊತ್ತು ತಂದವರು ಯಾಕೆ ಬೇಗ ಸುಸ್ತಾಗುತ್ತಾರೆ ಎನ್ನುವುದು ನನಗೆ ಹೊಳೆದದ್ದು ಈ ಲೆಕ್ಕ ಹಾಕುವಾಗ.

ಇಲ್ಲಿಗೆ ನಿಲ್ಲಿಸಿ ‘ಆದ್ದರಿಂದ ಎಲ್ಲರೂ ಆರಾಮಾಗಿರಿ’ ಎಂದರೆ ಮಾತು ಅರ್ಧ ಸುಳ್ಳಾಗುತ್ತದೆ. ತೀರಾ ರಿಚ್ ಇಟ್ಟ ಎಂಜಿನ್ ಕೂಡ ಸುಖವಾಗಿರುವುದಿಲ್ಲ. ಉರಿಯದ ಇಂಧನ ಪ್ಲಗ್ ಮೇಲೆ ಕೂತು ಅದನ್ನು ಆರಿಸುತ್ತದೆ, ಕಾರು ತಿರುವಿನಲ್ಲಿ ನಿಂತುಬಿಡುತ್ತದೆ. ಎಂಜಿನ್ ಬೇಕಾದಷ್ಟು ಬಿಸಿಯಾಗದಿದ್ದರೆ ಪಿಸ್ಟನ್ ತನ್ನ ಬಿಗಿ ಸ್ಲೀವ್ ಒಳಗೆ ತಿಕ್ಕುತ್ತಲೇ ಇರುತ್ತದೆ, ತಂಪಾಗಿದ್ದೂ ಸವೆಯುತ್ತದೆ. ನನ್ನ ಪರಿಚಯದ ಕೆಲವು ಆಫೀಸುಗಳು ಹೀಗಿವೆ. ಅಲ್ಲಿ ಯಾರಿಗೂ ಹೊರೆ ಇಲ್ಲ, ಯಾರ ಮುಖದಲ್ಲೂ ಕಳೆ ಇಲ್ಲ. ಹಾಗಾಗಿ ಬಿಡುವನ್ನು ಬಿಡುವಿಗಾಗಿ ಹೊಗಳಲು ನಾನು ತಯಾರಿಲ್ಲ. ಊರಲ್ಲಿ ನಮ್ಮಜ್ಜಿ ದಿನವೂ ಅನ್ನಕ್ಕಿಡುವಾಗ ಲೆಕ್ಕಕ್ಕಿಂತ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದಳು. ಯಾರಾದರೂ ಬಂದರೆ ಊಟಕ್ಕಾಯಿತು, ಬರದಿದ್ದರೆ ರಾತ್ರಿಗೆ ಚಿತ್ರಾನ್ನ. ಒಂದು ಹಿಡಿ, ಒಂದು ಸೇರಲ್ಲ. ಆ ಹಿಡಿ ವ್ಯರ್ಥ ಎಂದು ಯಾರೂ ಹೇಳಿದ್ದು ನೆನಪಿಲ್ಲ. ದಿನಾ ಒಂದು ಸೇರು ಹೆಚ್ಚು ಹಾಕಿದ್ದರೆ ಅಜ್ಜನೇ ಕೇಳುತ್ತಿದ್ದ.

ಲೀನ್ ಎಂಬ ಪದ ನಮ್ಮಲ್ಲಿ ಬಹಳ ಜನಕ್ಕೆ ಕಾರ್ಬ್ಯುರೇಟರಿನಿಂದ ಬಂದದ್ದಲ್ಲ, ಟ್ರೇನಿಂಗ್ ರೂಮಿನಿಂದ ಬಂದದ್ದು. 1988ರಲ್ಲಿ ಜಾನ್ ಕ್ರಾಫ್‌ಸಿಕ್ ಟೊಯೋಟಾದ ಉತ್ಪಾದನಾ ಕ್ರಮವನ್ನು ವಿವರಿಸುವ ಲೇಖನದಲ್ಲಿ ‘ಲೀನ್’ ಎಂಬ ಹೆಸರು ಕೊಟ್ಟ. ಅಲ್ಲಿಂದ ಅದು ಸಾಫ್ಟ್‌ವೇರ್ ಕಂಪನಿಗಳ ಗೋಡೆಗೂ ಬಂತು. ಟೊಯೋಟಾದವರು ಮೂರು ಕೇಡುಗಳನ್ನು ಹೇಳುತ್ತಿದ್ದರು: ಮುದಾ ಎಂದರೆ ವ್ಯರ್ಥ, ಮುರಾ ಎಂದರೆ ಏರುಪೇರು, ಮುರಿ ಎಂದರೆ ಮನುಷ್ಯನ ಮೇಲೋ ಯಂತ್ರದ ಮೇಲೋ ಮಿತಿ ಮೀರಿದ ಹೊರೆ. ಜಪಾನಿನ ಆ ಮುರಿ ಕನ್ನಡದ ಕಿವಿಗೆ ಏನೆಂದು ಕೇಳುತ್ತದೋ ಅರ್ಥವೂ ಅದರಿಂದ ದೂರವಿಲ್ಲ. ಅಲ್ಲಿನ ಕೆಲಸಗಾರ ತೊಂದರೆ ಕಂಡರೆ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದಿತ್ತು. ನನಗೆ ಸಿಕ್ಕ ಟ್ರೇನಿಂಗಿನಲ್ಲಿ ಮೊದಲನೆಯದನ್ನು ಎರಡು ದಿನ ಹೇಳಿಕೊಟ್ಟರು. ಮೂರನೆಯದು ಒಂದು ಸ್ಲೈಡಿನಲ್ಲಿ ಬಂದು ಹೋಯಿತು. ಹಗ್ಗ ಬರಲೇ ಇಲ್ಲ.

ಎರಡು ವರ್ಷದ ಹಿಂದೆ ನನ್ನ ಪಕ್ಕದ ಸೀಟಿನಲ್ಲಿ ಹಾಸನ ಕಡೆಯ ಹುಡುಗಿಯೊಬ್ಬಳು ಕೆಲಸ ಮಾಡುತ್ತಿದ್ದಳು. ಇಡೀ ಫ್ಲೋರಿನಲ್ಲಿ ಕನ್ನಡದವರು ನಾವಿಬ್ಬರೇ, ಹಾಗಾಗಿ ನಾನು ಅವಳಿಗೆ ಅಣ್ಣ. ಆ ವರ್ಷದ ಕೊನೆಯ ಮೂರು ತಿಂಗಳು ಅವಳ ಕೆಲಸ ನೋಡಿದವರೆಲ್ಲ ಬೆರಗಾಗಿದ್ದರು. ತಿಂಗಳ ಮೀಟಿಂಗಿನಲ್ಲಿ ಅವಳ ಗ್ರಾಫ್ ತೋರಿಸಿ ಉಳಿದವರಿಗೆ ಪಾಠ ಹೇಳಿದರು. “ಅಣ್ಣಾ, ಈಗ ಕೆಲಸ ಕೈಗೆ ಹತ್ತಿದೆ, ನಿದ್ದೆನೇ ಬೇಡ ಅನ್ಸತ್ತೆ,” ಎಂದು ನಗುತ್ತಾ ಹೇಳಿದ್ದಳು. ಒಂದು ಸೋಮವಾರ ಅವಳು ಬರಲಿಲ್ಲ. ಮಂಗಳವಾರ ಅವಳ ತಂದೆ ಊರಿಂದ ಬಂದು ಪಿಜಿ ಖಾಲಿ ಮಾಡಿಸಿ ಕರೆದುಕೊಂಡು ಹೋದರು. ಈಗ ಊರಲ್ಲೇ ಇದ್ದಾಳೆ, ಶಾಲಾ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ, ಚೆನ್ನಾಗಿದ್ದಾಳೆ. ಆದರೆ ನಮ್ಮಲ್ಲಿ ಆ ಗ್ರಾಫನ್ನು ಮತ್ತೆ ತೆರೆದು ನೋಡಿದವರಿಲ್ಲ. ಅದು ಮೇಲಕ್ಕೇ ಹೋಗಿ ನಿಂತಿದೆ.

ಇದನ್ನು ಪಕ್ಕದ ಮನೆಯ ಹಿರಿಯರಿಗೆ ಹೇಳಿದಾಗ ಅವರು ತಮ್ಮ ತಾತನ ಮಾತು ತೆಗೆದರು. ತಾತ ಇಲ್ಲಿನ ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಗಿರಣಿಯಲ್ಲಿ ನೇಕಾರ. ಆಗ ದಿನಕ್ಕೆ 12 ಗಂಟೆ ದುಡಿಮೆ, ಮಧ್ಯಾಹ್ನದ ಊಟಕ್ಕೆ ಅರ್ಧ ಗಂಟೆ. ಕೈತೊಳೆದು, ತಿಂದು, ಓಡಿ ಬರಲು ಆ ಅರ್ಧ ಗಂಟೆ ಸಾಲದು ಎನ್ನುವುದು ಕಾರ್ಮಿಕರ ಮೊದಲ ದೂರುಗಳಲ್ಲಿ ಒಂದಾಗಿತ್ತು. ಅವರ ಪಾಡನ್ನು ಕಂಡ ಸ್ಥಳೀಯ ವ್ಯಾಪಾರಿಗಳಾದ ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು, ಆನಿ ಬೆಸೆಂಟರ ಬಳಗದ ಬಿ.ಪಿ. ವಾಡಿಯಾ, ತಮಿಳು ಬರಹಗಾರ ತಿರು.ವಿ.ಕ. ಇವರೆಲ್ಲ ಸೇರಿ 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘ ಎಂದು ಅದಕ್ಕೆ ಹೆಸರು. ಅದರ ಬೇಡಿಕೆಗಳಲ್ಲಿ ಕೂಲಿಯ ಮಾತೂ ಇತ್ತು. ಆದರೆ ಊಟದ ಹೊತ್ತಿಗೆ ಇನ್ನೊಂದಿಷ್ಟು ನಿಮಿಷ ಬೇಕೆಂದು ಕೇಳಿದ್ದು ನನ್ನನ್ನು ಇಂದಿಗೂ ಹಿಡಿದು ನಿಲ್ಲಿಸುತ್ತದೆ. ಅವರು ಕೇಳಿದ್ದು ಗಿರಣಿ ನಿಲ್ಲಿಸಿ ಎಂದಲ್ಲ. ಸೂಜಿಯನ್ನು ಚೂರು ಎಡಕ್ಕೆ ತಿರುಗಿಸಿ ಎಂದು. ಆ ಗಿರಣಿ 1990ರ ದಶಕದಲ್ಲಿ ಮುಚ್ಚಿತು. ಸ್ವಲ್ಪ ಕಾಲ ಸಿನಿಮಾ ಶೂಟಿಂಗ್ ನಡೆಯುತ್ತಿತ್ತು, ಈಗ ಆ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟ್‌ಗಳು. ಗಿರಣಿ ಹೋದರೂ ಪ್ರಶ್ನೆ ಹೋಗಿಲ್ಲ. 2023ರಲ್ಲಿ ಕರ್ನಾಟಕ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿ ತಂದಿತು. ಅದೇ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆಯೂ ಅಂಥ ಮಸೂದೆಯನ್ನು ಒಪ್ಪಿತು. ಮೂರು ದಿನದಲ್ಲಿ ಅದನ್ನು ತಡೆಹಿಡಿದು, ಮೇ ದಿನದಂದು ಹಿಂದಕ್ಕೆ ಪಡೆದದ್ದಾಗಿ ಪ್ರಕಟಿಸಿದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಮತ್ತು ಅದು ಹಗುರವಾದದ್ದಲ್ಲ. ಎಂಜಿನ್ನಿಗೆ ಇಚ್ಛೆ ಇಲ್ಲ, ಮನುಷ್ಯನಿಗಿದೆ. ಊರಲ್ಲಿ ಸಾಲವಿದೆ, ತಂಗಿಯ ಓದಿದೆ, ನಾನೇ ಬೇಕೆಂದು ನನ್ನ ಸೂಜಿಯನ್ನು ಬಲಕ್ಕೆ ತಿರುಗಿಸಿಕೊಂಡಿದ್ದೇನೆ, ನಿನಗೇನು ಎಂದು ಯಾರಾದರೂ ಕೇಳಿದರೆ? ನನ್ನ ಬಳಿ ಪೂರ್ತಿ ಉತ್ತರವಿಲ್ಲ. ತನ್ನ ಸೂಜಿ ತಿರುಗಿಸುವ ಹಕ್ಕು ತನ್ನದು ಎನ್ನುವುದನ್ನು ಒಪ್ಪುತ್ತೇನೆ. ನನ್ನ ಅಪ್ಪ ಹಾಗೆಯೇ ಬದುಕಿದವರು, ಆ ಬಲದ ಮೇಲೆಯೇ ನಾನು ಓದಿದ್ದು. ಆದರೆ ಎರಡು ಮಾತು ಸೇರಿಸುತ್ತೇನೆ. ತುದಿಯಲ್ಲಿರುವವನಿಗೆ ತನ್ನ ಸದ್ದು ತಿಳಿಯಾಗಿಯೇ ಕೇಳುತ್ತದೆ, ಆದ್ದರಿಂದ ಪಕ್ಕದಲ್ಲಿ ಹೊಗೆ ನೋಡುವ ಇನ್ನೊಬ್ಬರು ಬೇಕು. ಮತ್ತು ನನ್ನ ಸೂಜಿಯನ್ನು ನಾನು ತಿರುಗಿಸಿಕೊಳ್ಳುವುದು ಬೇರೆ, ಸಂಬಳ ಕೊಡುವವರು ಬೇರೆಯವರ ಸೂಜಿಗೆ ಕೈ ಹಾಕುವುದು ಬೇರೆ. 2023ರ ಅಕ್ಟೋಬರ್‌ನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ನಾರಾಯಣಮೂರ್ತಿಯವರು ಹೇಳಿದಾಗ ನಡೆದ ಜಗಳದಲ್ಲಿ ಈ ಎರಡೂ ಒಂದರೊಳಗೊಂದು ಕಲಸಿಹೋದವು. ತಾವು ಹಾಗೆ ದುಡಿದೆವು ಎನ್ನುವುದು ಅವರ ಸೂಜಿಯ ಕತೆ. ಬೇರೆಯವರಿಗೆ ಅದನ್ನು ವಿಧಿಸುವಾಗ ರಾಡು ಮುರಿದರೆ ಖರ್ಚು ಯಾರದು ಎಂದು ಮೊದಲು ಹೇಳಬೇಕಾಗುತ್ತದೆ. ಮೈದಾನದಲ್ಲಾದರೆ ಖರ್ಚು ನನ್ನದೇ, ಅದಕ್ಕೇ ನಾನು ಅಷ್ಟು ಹುಷಾರು.

ಈ ಏಪ್ರಿಲ್‌ನಿಂದ ನನಗೆ ಒಂಬತ್ತು ಜನರ ಟೀಮ್ ಕೊಟ್ಟಿದ್ದಾರೆ. ಮುಂದಿನ ಆರು ತಿಂಗಳ ಪ್ಲಾನ್ ನಾನು ಬರೆಯಬೇಕು. ಬೇರೆ ಲೀಡ್‌ಗಳು ಮಾಡುವ ಉಪಾಯ ನನಗೆ ಗೊತ್ತು: ಮೂರು ದಿನದ ಕೆಲಸಕ್ಕೆ ಐದು ದಿನ ಎಂದು ಬರೆದು ಮೇಲಿನವರ ಕಣ್ಣಿಗೆ ಎಲ್ಲ ತುಂಬಿದೆ ಎಂದು ತೋರಿಸುವುದು. ಹುಡುಗರನ್ನು ಉಳಿಸಲು ಹೇಳುವ ಸುಳ್ಳು ಅದು, ಹೇಳುವವರು ಒಳ್ಳೆಯವರೇ. ಆದರೂ ನನಗೆ ಅದು ಒಗ್ಗಲಿಲ್ಲ. ಸುಳ್ಳಿನ ಹಿಂದೆ ಅಡಗಿಸಿಟ್ಟ ಬಿಡುವನ್ನು ಸಿಕ್ಕಿಬಿದ್ದ ದಿನ ಕಿತ್ತುಕೊಳ್ಳುತ್ತಾರೆ, ಅದರ ಪರವಾಗಿ ವಾದಿಸಲು ಬಾಯಿಯೂ ಇರುವುದಿಲ್ಲ. ಎಂಜಿನ್ ತನ್ನ ಹೆಚ್ಚಿನ ಎಣ್ಣೆಯನ್ನು ಬಚ್ಚಿಡುವುದಿಲ್ಲ. ಎಲ್ಲರಿಗೂ ಕಾಣುವ ಹಾಗೆ ಹೊಗೆಯಾಗಿ ಬಿಡುತ್ತದೆ. ಕಾಣಲಿ ಎಂದುಕೊಂಡೆ. ಮೂರು ದಿನದ ಕೆಲಸಕ್ಕೆ ಮೂರೇ ದಿನ ಬರೆದೆ. ಪ್ರತಿ ವಾರ ಪ್ರತಿಯೊಬ್ಬರ ಹೆಸರಿನ ಮುಂದೆ ನಾಲ್ಕು ದಿನ ತುಂಬಿ, ಐದನೆಯದರಲ್ಲಿ ‘ಯಾವುದಕ್ಕೂ ಹಂಚಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಐದರಲ್ಲಿ ಒಂದು ಅರೆಕಾಲಿಗಿಂತ ಜಾಸ್ತಿಯೇ ಆಯಿತು, ಗೊತ್ತು. ಮನುಷ್ಯರ ಟ್ಯಾಂಕ್ ಎಷ್ಟು ಖಾಲಿಯಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲವಲ್ಲ.

ಮೊನ್ನೆ ಮೇಲಿನವರು ಆ ಕಾಲಂ ಮೇಲೆ ಬೆರಳಿಟ್ಟು ಇದೇನೆಂದು ಕೇಳಿದರು. ಕಾಯಿಲೆ, ಊರಿನ ಕರೆ, ಇದ್ದಕ್ಕಿದ್ದಂತೆ ಬರುವ ದೋಷ, ಹೊಸದು ಕಲಿಯುವುದು, ಏನೂ ಬರದಿದ್ದರೆ ಸುಮ್ಮನೆ ಯೋಚಿಸುವುದು ಎಂದೆ. ಕಡೆಯದನ್ನು ಕೇಳಿ ನಕ್ಕರು. ಹತ್ತು ಪರ್ಸೆಂಟಿಗೆ ಇಳಿಸಿ ಕಳಿಸಲು ಹೇಳಿದ್ದಾರೆ. ಶೀಟಿನಲ್ಲಿ ಇಪ್ಪತ್ತು ಹಾಗೆಯೇ ಇದೆ. ಗುರುವಾರ ಮೀಟಿಂಗ್.